ಮಂಡಿನೋವಿಗೆ ಮನೆಯಲ್ಲೇ ವ್ಯಾಯಾಮ

ನಲುವತ್ತು ದಾಟಿದ ಸಹೋದರಿಯರು ನಾಲ್ಕು ಮಂದಿ ಸೇರಿದರೆ ಮಂಡಿನೋವಿನ ಮಾತು ಬಂದೇ ಬರುತ್ತದೆ. ಸುಜೂದ್‌ನಿಂದ ಏಳುವಾಗ ಗೋಡೆ ಹಿಡಿಯುತ್ತಾರೆ, ಮಾತ್ರೆ ನುಂಗುತ್ತಾರೆ, "ಎಲುಬು ಸವೆದಿದೆ, ಇನ್ನು ಅಲುಗಾಡಬಾರದು" ಎಂದು ಕುಳಿತುಬಿಡುತ್ತಾರೆ. ಈ ತಿಳುವಳಿಕೆಯೇ ತಪ್ಪು. ಕುಳಿತಷ್ಟೂ ತೊಡೆಯ ಸ್ನಾಯು ಬಲಗುಂದಿ ಮಂಡಿಯ ಕಷ್ಟ ಹೆಚ್ಚುತ್ತದೆ.

ಫಿಸಿಯೋಥೆರಪಿಗೆ ಪೇಟೆಗೆ ಕರಕೊಂಡು ಹೋಗಲು ಯಾರಿದ್ದಾರೆ ಎನ್ನುತ್ತೀರಾ? ಆಸ್ಟ್ರೇಲಿಯಾದಲ್ಲಿ ಬಹುಕಾಲದ ಮಂಡಿನೋವಿದ್ದ 394 ಮಂದಿಯ ಅಧ್ಯಯನವೊಂದು 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ತಿಂಗಳಲ್ಲಿ ಐದು ಭೇಟಿ. ಕೆಲವರಿಗೆ ಎದುರೆದುರು, ಕೆಲವರಿಗೆ ವಿಡಿಯೋ ಕರೆಯಲ್ಲಿ. ನೋವು ತಗ್ಗುವುದರಲ್ಲಾಗಲಿ ಓಡಾಟದಲ್ಲಾಗಲಿ ವಿಡಿಯೋದವರು ಹಿಂದೆ ಬೀಳಲಿಲ್ಲ. ಬರೀ ಐದು ಭೇಟಿ! ಉಳಿದದ್ದೆಲ್ಲ ಅವರೇ ಮನೆಯಲ್ಲಿ ಮಾಡಿದ್ದು.

ಒಮ್ಮೆ ಡಾಕ್ಟರರಿಗೆ ತೋರಿಸಿದ ಬಳಿಕ ನೀವೂ ಹೀಗೆ ಕಲಿಯಬಹುದು. ಲೇಡಿ ಫಿಸಿಯೋಥೆರಪಿಸ್ಟ್ ಬೇಕೆಂದು ಕೇಳಲು ಸಂಕೋಚ ಬೇಡ. ಮಗಳು ಮೊಬೈಲ್ ಹಿಡಿಯಲಿ, ನಿಮ್ಮ ನಡಿಗೆ ಅವರಿಗೆ ಪೂರ್ತಿ ಕಾಣಬೇಕು. ಸಾಮಾನ್ಯವಾಗಿ ಹೇಳಿಕೊಡುವ ಒಂದು ವ್ಯಾಯಾಮ: ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, 5 ಸೆಕೆಂಡ್ ಹಿಡಿದು, ಮೆಲ್ಲನೆ ಇಳಿಸುವುದು; ಹತ್ತು ಸಲ. ಆಗ ತುಸು ನೋವಾದರೆ ಹೆದರಬೇಡಿ. ಮರುದಿನವೂ ನೋವು ಹೆಚ್ಚೇ ಇದ್ದರೆ ಕಡಿಮೆ ಮಾಡಿ.

ಎರಡು ವಾರಕ್ಕೇ ಗುಣ ಕಾಣಲಿಲ್ಲವೆಂದು ಬಿಡುವವರಿದ್ದಾರೆ. ಸ್ನಾಯು ಬಲಗೊಳ್ಳಲು ಆರರಿಂದ ಹನ್ನೆರಡು ವಾರ ಬೇಕು. ಅಷ್ಟು ದಿನ ಬೆಳಿಗ್ಗೆ ಕಾಲು ಗಂಟೆ ಅಡುಗೆಮನೆಯಿಂದ ಬಿಡುವು ಕೊಡುವುದು ಗಂಡ, ಮಕ್ಕಳ ಹೊಣೆ.

ಮಂಡಿ ಊದಿ ಬಿಸಿಯಾಗಿ ಜ್ವರವೂ ಇದ್ದರೆ, ಬಿದ್ದ ಬಳಿಕ ಕಾಲೂರಲಾಗದಿದ್ದರೆ ಮೊಬೈಲ್ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.