ಈರುಳ್ಳಿ ಬಿಟ್ಟರೆ ವ್ರತವಾಯಿತೇ?

ಬಸವಕಲ್ಯಾಣ, ಹುಮನಾಬಾದಿನ ನಮ್ಮ ಮನೆಗಳಲ್ಲಿ ಮಾಲ್ದೀವ್ಸ್ ಪ್ರವಾಸದ ಮಾತೆದ್ದಾಗ ಕೇಳಿಬರುವ ಧರ್ಮಪ್ರಶ್ನೆ ಒಂದೇ: "ಅಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಜೈನ ಊಟ ಸಿಗುವುದೇ?" ಸಿಗುವುದೆಂದು ಏಜೆಂಟನು ಹೇಳಿದೊಡನೆ ಮನಸ್ಸಿಗೆ ಸಮಾಧಾನ! ಶ್ರಾವಕಧರ್ಮವು ಊಟದ ತಟ್ಟೆಯಲ್ಲಿಯೇ ಮುಗಿಯಿತೇ?

ಆಚಾರ್ಯ ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಮೂರು ಗುಣವ್ರತಗಳನ್ನು ಹೇಳಿದ್ದಾರೆ: ದಿಗ್ವ್ರತ, ಅನರ್ಥದಂಡವ್ರತ, ಭೋಗೋಪಭೋಗಪರಿಮಾಣ. ಸಂಚಾರಕ್ಕೆ ಎಲ್ಲೆ, ನಿಷ್ಪ್ರಯೋಜಕ ಹಿಂಸೆಗೆ ತಡೆ, ಭೋಗಕ್ಕೆ ಅಳತೆ.

ಆ ದ್ವೀಪಗಳ ವಿಲಾಸವನ್ನು ಈ ಅಳತೆಯಿಂದ ನೋಡಿರಿ. ಅಲ್ಲಿ ನದಿಗಳಿಲ್ಲ. ರಿಸಾರ್ಟುಗಳ ನೀರು ಬಹುಮಟ್ಟಿಗೆ ಕಡಲ ಉಪ್ಪನ್ನು ನೀಗಿಸಿ ಪಡೆದದ್ದು. ಅದಕ್ಕೆ ಬೇಕಾದ ವಿದ್ಯುತ್ತು ಹೆಚ್ಚಾಗಿ ಡೀಸೆಲ್ ಸುಟ್ಟು ಬಂದದ್ದು. ಕಸವನ್ನು ಸುರಿಯಲೆಂದು 1990ರ ದಶಕದ ಆರಂಭದಿಂದ ತಿಲಫುಶಿ ಎಂಬ ದ್ವೀಪವನ್ನೇ ಬೆಳೆಸಲಾಯಿತು. ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಸೂಕ್ಷ್ಮಜೀವಗಳನ್ನು ಬಾವಿಗೇ ಮರಳಿ ಬಿಡುತ್ತಿದ್ದ ಅಜ್ಜಿಯರ ಮೊಮ್ಮಕ್ಕಳು ಇಂಥಲ್ಲಿ ಖಾಸಗಿ ಈಜುಕೊಳಕ್ಕೆ ಹಣ ತೆರುವುದು ಯಾವ ಅಹಿಂಸೆ?

"ದುಡಿದವರಿಗೆ ವಿಶ್ರಾಂತಿ ಬೇಡವೇ?" ಎನ್ನುವಿರಿ. ಅವಶ್ಯವಾಗಿ ಬೇಕು. ವಿಶ್ರಾಂತಿ ದೋಷವಲ್ಲ, ಅಳತೆಗೆಟ್ಟ ಭೋಗ ದೋಷ. ಅತ್ತಿಮಬ್ಬೆಯೂ ಸಿರಿವಂತೆಯೇ. 10ನೆಯ ಶತಮಾನದಲ್ಲಿ, ಚಾಲುಕ್ಯ ತೈಲಪನ ಕಾಲದಲ್ಲಿ, ಆಕೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಹೆಮ್ಮೆಯಿಂದ ಹೇಳುವ ನಾವು, ನಮ್ಮ ಸಿರಿಯನ್ನು ಎತ್ತ ಹರಿಸುತ್ತಿದ್ದೇವೆ?

ಬಸದಿಯ ಟ್ರಸ್ಟುಗಳಿಗೂ ಒಂದು ಮಾತು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವಿರಿ, ಒಳ್ಳೆಯದು. ಆದರೆ ದಶಲಕ್ಷಣ ಪರ್ವದಲ್ಲಿ ಭೋಗಕ್ಕೆ ಅಳತೆಯಿಟ್ಟುಕೊಂಡ ಕುಟುಂಬಗಳನ್ನೂ ಕರೆದು ಗೌರವಿಸಿರಿ. ಯಾವುದಕ್ಕೆ ಮನ್ನಣೆ ಸಲ್ಲುವುದೋ ಮಕ್ಕಳು ಅದನ್ನೇ ಕಲಿಯುವರು.