ಆರೋಗ್ಯ ವಿಚಾರ: ಮತ್ತೆ ಮತ್ತೆ ಪರೀಕ್ಷೆ ಏಕೆ?

ಲೋಕಿಕೆರೆಯ ಗೃಹಿಣಿಯೊಬ್ಬರು ಕೇಳುತ್ತಾರೆ: "ನನ್ನ ಯಜಮಾನರಿಗೆ ಎಚ್.ಐ.ವಿ. ಸೋಂಕಿದೆ, ಈಚೆಗೆ ಚಿಕಿತ್ಸೆ ಆರಂಭವಾಗಿದೆ. ಸೋಂಕು ನನಗೆ ತಗಲದಿರಲೆಂದು ವೈದ್ಯರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಒಂದನ್ನೂ ತಪ್ಪಿಸಿಲ್ಲ. ಆದರೂ 3 ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗಬೇಕಂತೆ. ಅವರಿಗೆ ಅಪನಂಬಿಕೆ ಮಾತ್ರೆಯ ಮೇಲೋ, ನನ್ನ ಮೇಲೋ?"

ಎರಡರ ಮೇಲೂ ಅಲ್ಲ, ತಾಯಿ. ಸೋಂಕು ತಗಲಿದೊಡನೆ ಪರೀಕ್ಷೆಯಲ್ಲಿ ಗೋಚರಿಸದು. ರಕ್ತದಲ್ಲಿ ಪ್ರತಿಕಾಯಗಳು ಮೂಡಲು ಕೆಲವು ವಾರ, ಒಮ್ಮೊಮ್ಮೆ 3 ತಿಂಗಳೂ ಬೇಕು. 'ಸೋಂಕಿಲ್ಲ' ಎಂಬ ಚೀಟಿ ಹೇಳುವುದು ಹಿಂದಿನ ದಿನಗಳ ಸಂಗತಿಯನ್ನು. ಮಾತ್ರೆ ಸೇವಿಸುವವರಲ್ಲಿ ಅದು ಇನ್ನೂ ತಡವಾಗಿ, ಮಸುಕಾಗಿ ಕಾಣುವುದುಂಟು.

ಗಂಡಾಂತರವಿರುವುದು ಇಲ್ಲಿಯೇ. ಸಾಮಾನ್ಯವಾಗಿ ಈ ಮಾತ್ರೆಯಲ್ಲಿರುವುದು ಟೆನೊಫೊವಿರ್, ಎಮ್‌ಟ್ರಿಸಿಟಬೀನ್ ಎಂಬ 2 ಔಷಧಗಳು. ಸೋಂಕನ್ನು ದೂರವಿಡಲು ಅವು ಸಾಕು. ಒಳಹೊಕ್ಕ ವೈರಾಣುವನ್ನು ಅಡಗಿಸಲು ಸಾಲವು. ತಿಳಿಯದೆ ಅವನ್ನೇ ಮುಂದುವರಿಸಿದರೆ ವೈರಾಣು ಆ ಔಷಧಗಳಿಗೆ ಬಗ್ಗದಂತಾಗಿ, ಮುಂದಿನ ಚಿಕಿತ್ಸೆಯೂ ಕಠಿನವಾದೀತು.

ಫಲಿತಾಂಶ ಸಂದಿಗ್ಧವಾಗಿ ಬಂದರೆ ಗಾಬರಿಯಿಂದ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಮರುಪರೀಕ್ಷೆಯಾಗಲಿ, ವೈದ್ಯರು ನಿರ್ಧರಿಸಲಿ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಊರವರ ಬಾಯಿಗೆ ಅಂಜಬೇಕಿಲ್ಲ, 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯಂತೆ ಗೋಪ್ಯತೆ ತಮ್ಮ ಹಕ್ಕು. ಯಜಮಾನರು ಔಷಧ ತಪ್ಪಿಸದೆ, ಅವರ ರಕ್ತದಲ್ಲಿ ವೈರಾಣು ಪತ್ತೆಗೆ ಸಿಗದಷ್ಟು ಇಳಿದು ಹಾಗೆಯೇ ನಿಂತರೆ, ದಾಂಪತ್ಯ ಸಂಪರ್ಕದಿಂದ ತಮಗೆ ಸೋಂಕು ತಗಲದು. ಆಗ ಈ ಮಾತ್ರೆ ಇನ್ನೂ ಬೇಕೇ ಎಂದು ವೈದ್ಯರನ್ನೇ ಕೇಳಿ.