ಗೃಹನಿರ್ಮಾಣದ ಸೇವಾಯಾತ್ರೆಗೆ ತಕ್ಕ ಸಿದ್ಧತೆ

ಉದ್ಯೋಗವಿತ್ತ ಕಂಪೆನಿಯೇ ಸಂಬಳಸಹಿತವಾದ ರಜೆಯನ್ನು ಕೊಟ್ಟು, ಪ್ರಯಾಣದ ವೆಚ್ಚದಲ್ಲಿಯೂ ಪಾಲುಗೊಂಡು, ತನ್ನ ನೌಕರರನ್ನು ಒಂದೆರಡು ವಾರಗಳ ಮಟ್ಟಿಗೆ ಪರದೇಶದ ಬಡವರಿಗೆ ಮನೆ ಕಟ್ಟಿಕೊಡಲೆಂದು ಕಳುಹಿಸುವ ಪದ್ಧತಿಯೊಂದು ಅಮೆರಿಕ ದೇಶದಲ್ಲಿ ಬೇರೂರಿರುವುದು. ಕನ್ನಡನಾಡಿನ ಅನೇಕ ಮನೆಗಳ ಮಕ್ಕಳು ಅಂಥ ಕಂಪೆನಿಗಳಲ್ಲಿ ದುಡಿಯುತ್ತಿರುವುದರಿಂದ ಈ ವಿಷಯವು ಇಲ್ಲಿಯ ಗೃಹಸ್ಥರಿಗೂ ದೂರದ್ದಲ್ಲ. ಹೊರಡುವವನ ಸಿದ್ಧತೆಯೇನೆಂದು ವಿಚಾರಿಸಿದರೆ ಪಟ್ಟಿಯೊಂದು ಕೈಗೆ ಬರುವುದು: ರಹದಾರಿ, ಲಸಿಕೆ, ವಿಮೆ, ಗಟ್ಟಿ ಅಟ್ಟೆಯ ಬೂಟು, ಕೈಗವಸು, ಬಿಸಿಲಿನ ಟೋಪಿ, ಮಿತ್ರರಿಂದ ಎತ್ತಬೇಕಾದ ಚಂದಾ. ಇವುಗಳಲ್ಲಿ ಯಾವುದೂ ಅನಾವಶ್ಯಕವಲ್ಲ. ಆದರೆ ಪಟ್ಟಿಯಲ್ಲಿರುವುದೆಲ್ಲವೂ ಹೋಗುವವನ ಯೋಗಕ್ಷೇಮದ ಮಾತು. ಮನೆಯನ್ನು ಪಡೆಯುವವನ ಸೊಲ್ಲೇ ಅದರಲ್ಲಿಲ್ಲ. ಇಷ್ಟನ್ನೇ ಸಿದ್ಧತೆಯೆಂದು ಕರೆಯುವುದು, ಚಪ್ಪರವನ್ನು ಹಾಕಿ ವಧೂವರರನ್ನು ಮರೆತಂತಾಗುವುದು.

ಈ ಪದ್ಧತಿಯ ಮೂಲವನ್ನು ನೋಡಿದರೆ ಈ ಮರೆವು ಎಷ್ಟು ದೊಡ್ಡದೆಂಬುದು ತಿಳಿಯುವುದು. ಮಿಲರ್ಡ್ ಫುಲ್ಲರ್ ಮತ್ತು ಲಿಂಡಾ ಫುಲ್ಲರ್ ಎಂಬ ದಂಪತಿಗಳು 1976 ರಲ್ಲಿ ಜಾರ್ಜಿಯ ಪ್ರಾಂತದ ಅಮೆರಿಕಸ್ ಎಂಬ ಊರಿನಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮನೆಯು ಭಿಕ್ಷೆಯಾಗಬಾರದು, ಪಡೆಯುವ ಕುಟುಂಬವು ತಾನೂ ಮೈಮುರಿದು ದುಡಿಯಬೇಕು, ಲಾಭವಿಲ್ಲದ ಸಾಲವನ್ನು ಮೆಲ್ಲಮೆಲ್ಲನೆ ತೀರಿಸಬೇಕು, ತೀರಿದ ಹಣದಿಂದ ಮತ್ತೊಬ್ಬರ ಮನೆ ಏಳಬೇಕು—ಇದು ಅವರ ತತ್ತ್ವ. ಅಧ್ಯಕ್ಷಪದವಿಯಿಂದಿಳಿದ ಜಿಮ್ಮಿ ಕಾರ್ಟರರು 1984 ರಿಂದ ಈ ಕಾರ್ಯದಲ್ಲಿ ಕೈಗೂಡಿಸಿದರು. 2006 ರಲ್ಲಿ ಮಹಾರಾಷ್ಟ್ರದ ಲೋಣಾವಳದ ಬಳಿ ನೂರು ಮನೆಗಳ ನಿರ್ಮಾಣಕ್ಕೆ ತಾವೇ ಬಂದು ದುಡಿದರು. ಮೂಲತತ್ತ್ವದಂತೆ ಮನೆಯವನೇ ಕಟ್ಟುವವನು. ಬಂದವನು ಅವನ ಸಹಾಯಕ. ಇಂದು ಕಂಪೆನಿಗಳ ವರದಿಗಳಲ್ಲಿ ಈ ಸ್ಥಾನಗಳು ಅದಲುಬದಲಾಗಿ, ಬಂದವನೇ ಕರ್ತೃವೂ ಮನೆಯವನು ಕೇವಲ ಪಟದಲ್ಲಿ ನಗುವವನೂ ಆಗುತ್ತಿರುವುದು ಖೇದಕರ.

1998 ರ ಅಕ್ಟೋಬರದ ಕೊನೆಯಲ್ಲಿ ಮಿಚ್ ಎಂಬ ಚಂಡಮಾರುತವು ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಹಾಳುಗೆಡಹಿತು. ಉತ್ತರ ಅಮೆರಿಕದಿಂದ ತಂಡತಂಡವಾಗಿ ಜನರು ಮನೆ ಕಟ್ಟಲು ಬಂದರು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞನು ಮುಂದೆ ಆ ಮನೆಗಳವರನ್ನು ಕಂಡು ವಿಚಾರಿಸಿ, 2006 ರಲ್ಲಿ ಪ್ರಕಟಿಸಿದ ಫಲವು ಚಿಂತನಾರ್ಹವಾದುದು. ಪರದೇಶೀಯರು ಕಟ್ಟಿದ ಮನೆಯವರಿಗೂ ಸ್ವದೇಶೀಯರು ಕಟ್ಟಿದ ಮನೆಯವರಿಗೂ ಬಾಳಿನಲ್ಲಿ ಹೇಳತಕ್ಕಷ್ಟು ಭೇದವು ಕಾಣಲಿಲ್ಲ. ಒಂದು ತಂಡದ ಯಾತ್ರೆಗೆ ತಗಲಿದ ಸುಮಾರು 30,000 ಡಾಲರುಗಳಿಂದ ಏಳುತ್ತಿದ್ದುದು ಸುಮಾರು 2,000 ಡಾಲರು ಬೆಲೆಯ ಒಂದು ಮನೆ. ಅಷ್ಟೇ ಹಣದಲ್ಲಿ ಹದಿನೈದು ಕುಟುಂಬಗಳಿಗೆ ಸೂರು ದೊರೆಯಬಹುದಾಗಿತ್ತು; ಆ ಊರಿನ ಗಾರೆಯವನಿಗೂ ಬಡಗಿಗೂ ಕೂಲಿ ದೊರೆಯಬಹುದಾಗಿತ್ತು. ಬಿರುಗಾಳಿಯಲ್ಲಿ ಮನೆಯನ್ನೂ ಕೆಲಸವನ್ನೂ ಕಳೆದುಕೊಂಡವನ ಮುಂದೆ, ಎಂದೂ ಕರಣೆ ಹಿಡಿಯದವನು ನಿಂತು ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನಿಡುವುದು ಸೇವೆಯೋ ಅಲ್ಲವೋ ಎಂಬುದನ್ನು ವಿವೇಕಿಗಳೇ ನಿರ್ಣಯಿಸಲಿ.

ಇಲ್ಲಿ ಪೂರ್ವಪಕ್ಷವೊಂದುಂಟು: “ಯಾತ್ರೆಯಿಲ್ಲದಿದ್ದರೆ ಆ ಹಣವು ಬಡವನ ಕಡೆಗೆ ಬರುತ್ತಲೇ ಇರಲಿಲ್ಲ, ಹೋಗಿ ಬಂದವನ ಹೃದಯವು ಮಾರ್ಪಟ್ಟು ಅವನು ಜನ್ಮವೆಲ್ಲ ದಾನಿಯಾಗುವನು.” ಮೊದಲನೆಯ ಮಾತಿನಲ್ಲಿ ಸತ್ಯಾಂಶವಿರುವುದು. ಹಾಗಾದರೆ ಅದನ್ನು ನೌಕರರ ಶಿಕ್ಷಣದ ಖರ್ಚೆಂದು ಬರೆಯಲಿ. ಬಡವನ ಹೆಸರಿನಲ್ಲಿ ದಾನವೆಂದು ಬರೆಯದಿರಲಿ. ಎರಡನೆಯ ಮಾತಿಗೆ ಆಧಾರವು ಸಾಲದು. ಅದೇ ವಿದ್ವಾಂಸನು ಯಾತ್ರಿಕರನ್ನು ವಿಚಾರಿಸಿದಾಗ, ಊರಿಗೆ ಮರಳಿದ ಬಳಿಕ ಅವರಲ್ಲಿ ಬಹುಕಾಲ ನಿಂತ ಬದಲಾವಣೆಯು ಅತ್ಯಲ್ಪವೆಂದು ತಿಳಿದುಬಂದಿತು. ಸಿದ್ಧತೆಯಿಲ್ಲದ ಮನಸ್ಸು ಹತ್ತು ದಿನಗಳಲ್ಲಿ ಪಕ್ವವಾಗುವುದಿಲ್ಲ.

ಹಾಗೆಂದು ಪರದೇಶಕ್ಕೆ ಹೋಗಿ ಮಾಡುವ ಶ್ರಮದಾನವೇ ವ್ಯರ್ಥವೆಂದು ಸಾಧಿಸುವುದು ಈ ಲೇಖನದ ಉದ್ದೇಶವಲ್ಲ. ಸ್ವಿಟ್ಜರ್ಲೆಂಡಿನ ಪಿಯೇರ್ ಸೆರೆಸೋಲನು 1920 ರಲ್ಲಿ, ಮಹಾಯುದ್ಧದಿಂದ ನೆಲಸಮವಾಗಿದ್ದ ವೆರ್ಡನ್ ಸಮೀಪದ ಎಸ್ನ್ ಎಂಬ ಫ್ರೆಂಚ್ ಹಳ್ಳಿಯನ್ನು ಮರಳಿ ಕಟ್ಟಲು ನಾನಾ ದೇಶೀಯರ ತಂಡದೊಡನೆ ಹೋದನು. ಅದರಲ್ಲಿ ಜರ್ಮನರೂ ಇದ್ದರು. 1934 ರ ಜನವರಿ 15 ರಂದು ಬಿಹಾರದಲ್ಲಿ ಭೂಕಂಪವಾದಾಗ ಅವನು ಈ ದೇಶಕ್ಕೂ ಬಂದನು. ಬಾಬು ರಾಜೇಂದ್ರಪ್ರಸಾದರ ನೇತೃತ್ವದ ಪರಿಹಾರಕಾರ್ಯಕ್ಕೆ ಅಧೀನನಾಗಿ, ಮರಳಿ ಮರಳಿ ಬಂದು ನಿಂತು, ಹಳ್ಳಿಗಳ ಪುನರ್ನಿರ್ಮಾಣದಲ್ಲಿ ದುಡಿದನು. ಅವನು ಕಲಿತ ಇಂಜಿನಿಯರು. ಆದರೂ ಈ ನೆಲದವರ ಮಾತನ್ನು ಕೇಳಿ ನಡೆದನು. ಕಂಪೆನಿಗಳಲ್ಲಿಯೂ ಒಳ್ಳೆಯ ಉದಾಹರಣೆ ಇಲ್ಲದಿಲ್ಲ. ಐ.ಬಿ.ಎಂ. ಕಂಪೆನಿಯು 2008 ರಲ್ಲಿ ಆರಂಭಿಸಿದ ಪರದೇಶಸೇವೆಯ ಯೋಜನೆಯಲ್ಲಿ ಒಂದು ತಿಂಗಳ ಕೆಲಸಕ್ಕೆ ಮೂರು ತಿಂಗಳ ಪೂರ್ವಾಭ್ಯಾಸವಿತ್ತು. ನೌಕರರು ಅಲ್ಲಿ ವಿನಿಯೋಗಿಸುತ್ತಿದ್ದುದು ತಾವು ಬಲ್ಲ ವೃತ್ತಿವಿದ್ಯೆಯನ್ನು.

ದೇಶ, ಕಾಲ, ಪಾತ್ರಗಳನ್ನರಿತು ಕೊಟ್ಟುದೇ ಸಾತ್ತ್ವಿಕದಾನವೆಂದು ಗೀತಾಚಾರ್ಯನ ಮತ. ಸಿದ್ಧತೆಯ ಪಟ್ಟಿಗೂ ಈ ಮೂರೇ ಅಂಗಗಳು ಸಾಕು. ದೇಶವೆಂದರೆ ಆ ಊರಿನ ಮಣ್ಣು, ಮಳೆ, ಗಾಳಿ, ಭಾಷೆ. ನೂರು ಮಾತುಗಳನ್ನಾದರೂ ಕಲಿಯದೆ ಹೊರಡುವವನು ಅಲ್ಲಿ ಮೂಕನಾಗಿಯೇ ಇರುವನು. ಕಾಲವೆಂದರೆ ಕಂಪೆನಿಗೆ ಅನುಕೂಲವಾದ ರಜೆಯ ತಿಂಗಳಲ್ಲ. ಆ ಊರಿಗೆ ಸುಗ್ಗಿಯ ಅವಸರವೂ ಮಳೆಯ ಭಯವೂ ಇಲ್ಲದ ಋತು. ಪಾತ್ರವೆಂದರೆ ಮನೆಯಿಲ್ಲದ ಕುಟುಂಬವು ಮಾತ್ರವಲ್ಲ. ಆ ಊರಿನ ಗಾರೆಯವನೂ ಪಾತ್ರನೇ. ಆದಕಾರಣ ಪ್ರಯಾಣಕ್ಕೆ ಎಷ್ಟು ಹಣವನ್ನು ವೆಚ್ಚಮಾಡುವುದೋ ಅಷ್ಟನ್ನು ಕಂಪೆನಿಯು ಆ ಊರಿನವರ ಕೂಲಿಗೂ ಸಾಮಗ್ರಿಗೂ ಬೇರೆಯಾಗಿ ತೆಗೆದಿಡಬೇಕು. ಹೊರಡುವವನು ಮೊದಲು ತನ್ನೂರಿನಲ್ಲಿಯೇ ಕೆಲವು ಭಾನುವಾರ ಮೇಸ್ತ್ರಿಯೊಬ್ಬನ ಕೈಕೆಳಗೆ ನಿಂತು ಗಾರೆ ಕಲಸುವುದನ್ನೂ ತೂಕದ ಗುಂಡನ್ನು ಇಳಿಬಿಡುವುದನ್ನೂ ಕಲಿಯಬೇಕು. ಅಲ್ಲಿಗೆ ಹೋದಮೇಲೆ ಆ ಊರಿನ ಮೇಸ್ತ್ರಿಯ ಆಜ್ಞೆಯನ್ನು ಪಾಲಿಸಬೇಕು. ಮನೆಯವರ ಅನುಮತಿಯಿಲ್ಲದೆ ಅವರ ಪಟವನ್ನು ತೆಗೆಯಬಾರದು.

ಇಷ್ಟನ್ನು ಮಾಡಲು ಬಿಡುವಿಲ್ಲದವನು ಟಿಕೀಟಿನ ಹಣವನ್ನು ಕಳುಹಿಸಿ ತನ್ನ ಮನೆಯಲ್ಲಿಯೇ ಇರುವುದು ಲೇಸು; ಅದರಿಂದ ಅವನ ಪುಣ್ಯವೇನೂ ಕುಂದದು. ಮಗನೋ ಮಗಳೋ ಇಂಥ ಯಾತ್ರೆಗೆ ಹೊರಡುವ ಸುದ್ದಿಯನ್ನು ತಿಳಿಸಿದಾಗ, ಬೂಟು ಕೊಂಡೆಯಾ ಎಂದು ಕೇಳುವುದಕ್ಕಿಂತ ಮೊದಲು ಹಿರಿಯರು ಇಷ್ಟನ್ನು ಕೇಳಲಿ: ಅದು ಯಾರ ಮನೆ? ನೀನು ಬರಬೇಕೆಂದು ಅವರು ಕೇಳಿಕೊಂಡರೇ? ನಿನ್ನಿಂದ ಅಲ್ಲಿಯ ಯಾವನ ಕೂಲಿಯೂ ತಪ್ಪುವುದಿಲ್ಲವಷ್ಟೆ? ಈ ಮೂರಕ್ಕೂ ಸರಿಯಾದ ಉತ್ತರವನ್ನು ಕೊಡಬಲ್ಲವರು ನಿಶ್ಚಿಂತೆಯಾಗಿ ಹೋಗಿಬರಲಿ.